ಹಾಯಿದೋಣಿಗೆ ವಿದ್ಯುತ್ತು: ಸೌರಫಲಕವೋ, ಜನರೇಟರೋ?

ಮುಂಬೈಯಿಂದ ಹೊರಟು ಗೋವಾ, ಕಾರವಾರ, ಮಲ್ಪೆ, ಮಂಗಳೂರು ಹಾದು ಕೊಚ್ಚಿಯವರೆಗೆ, ಅಕ್ಟೋಬರಿನಿಂದ ಮೇ ತಿಂಗಳೊಳಗೆ ಹೋಗಿಬರುವ 35 ಅಡಿ ಉದ್ದದ ಒಂದು ಹಾಯಿದೋಣಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅದನ್ನು ಮುಂದಕ್ಕೆ ಒಯ್ಯುವುದು ಗಾಳಿಯೇ ಆದರೂ ಫ್ರಿಜ್ಜು, ಆಟೋಪೈಲಟ್, ವಿಎಚ್‌ಎಫ್ ರೇಡಿಯೊ, ನೀರಿನ ಪಂಪು, ಲಂಗರು ಹಾಕಿದ ರಾತ್ರಿ ಕೂವೆಮರದ ತುದಿಯಲ್ಲಿ ಉರಿಯಲೇಬೇಕಾದ ಬಿಳಿ ದೀಪ ಎಲ್ಲವೂ 12 ವೋಲ್ಟ್‌ನ ಬ್ಯಾಟರಿಯನ್ನೇ ನೆಚ್ಚಿಕೊಂಡಿರುತ್ತವೆ. ಕೊಚ್ಚಿಯ ಬೋಲ್ಗಾಟಿಯಂತೆ ದಡದಿಂದ ವಿದ್ಯುತ್ ತಂತಿ ಎಳೆದುಕೊಳ್ಳಬಹುದಾದ ಮರೀನಾಗಳು ಈ ಕರಾವಳಿಯಲ್ಲಿ ಬೆರಳೆಣಿಕೆಯಷ್ಟಿರುವುದರಿಂದ, ಬ್ಯಾಟರಿಯನ್ನು ತುಂಬಿಸುವ ಹೊಣೆ ದೋಣಿಯದ್ದೇ ಆಗಿರುತ್ತದೆ.

ಮೊದಲ ಹಂತ: ಖರ್ಚಿನ ಪಟ್ಟಿ

ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆ ತೆಗೆದುಕೊಂಡು, ಪ್ರತಿ ಉಪಕರಣ ಎಷ್ಟು ಆಂಪಿಯರ್ ಎಳೆಯುತ್ತದೆ, ದಿನಕ್ಕೆ ಎಷ್ಟು ಗಂಟೆ ನಡೆಯುತ್ತದೆ ಎಂದು ಬರೆಯಬೇಕು. ಎರಡನ್ನೂ ಗುಣಿಸಿದರೆ, ಮನೆಯ ಇನ್ವರ್ಟರ್ ಬ್ಯಾಟರಿಯ ಮೇಲೆ ಅಚ್ಚಾಗಿರುವ ಅದೇ ‘ಎ.ಎಚ್.’ (ಆಂಪಿಯರ್-ಅವರ್) ಲೆಕ್ಕ ದೊರೆಯುತ್ತದೆ.

ಲಂಗರು ಹಾಕಿ ನಿಂತ ದಿನವನ್ನು ನೋಡಿ. 4.5 ಆಂಪಿಯರ್ ಎಳೆಯುವ ಸಣ್ಣ ಫ್ರಿಜ್ಜು ನಮ್ಮ ಸೆಕೆಯಲ್ಲಿ ದಿನದ ಅರ್ಧ ಹೊತ್ತಾದರೂ ಓಡುತ್ತದೆ ಎಂದರೆ 54 ಎ.ಎಚ್. ಅದಕ್ಕೇ ಹೋಯಿತು. ಎರಡು ಚಿಕ್ಕ ಫ್ಯಾನುಗಳಿಗೆ 8, ಒಳಗಿನ ಎಲ್‌ಇಡಿ ದೀಪಗಳಿಗೆ 4, ಲಂಗರು ದೀಪಕ್ಕೆ ಎರಡೂವರೆ, ಫೋನು ಮತ್ತು ಲ್ಯಾಪ್‌ಟಾಪಿಗೆ 12, ನೀರಿನ ಪಂಪಿಗೆ 2. ಒಟ್ಟು 80ರ ಆಸುಪಾಸು. ಹಗಲಿರುಳು ಹಾಯಿ ಬಿಚ್ಚಿ ಸಾಗುವ ದಿನದ ಲೆಕ್ಕವೇ ಬೇರೆ. ಸರಾಸರಿ 3 ಆಂಪಿಯರ್ ಎಳೆಯುವ ಆಟೋಪೈಲಟ್ ಒಂದಕ್ಕೇ 72, ನಕಾಶೆ ತೋರಿಸುವ ಪ್ಲಾಟರಿಗೆ 24, ರೇಡಿಯೊ, ಸುತ್ತಲಿನ ಹಡಗುಗಳ ಇರವು ತಿಳಿಸುವ ಎಐಎಸ್ ಮತ್ತು ಸಂಚಾರ ದೀಪಗಳಿಗೆ ಸುಮಾರು 20 ಸೇರಿ ಮೊತ್ತ 200ರ ಹತ್ತಿರ ಹೋಗುತ್ತದೆ.

ಹಾಳೆ ತುಂಬಿದ ಮೇಲೆ ಅದನ್ನು ಇನ್ನೊಮ್ಮೆ ಓದಿ ಖರ್ಚು ತಗ್ಗಿಸಲು ನೋಡಬೇಕು. ಫ್ರಿಜ್ಜಿನ ಸುತ್ತ ಎರಡು ಅಂಗುಲ ಹೆಚ್ಚು ಥರ್ಮಾಕೋಲಿನಂಥ ನಿರೋಧಕ ಹೊದಿಸುವುದು ಇನ್ನೊಂದು ಫಲಕ ಕೊಳ್ಳುವುದಕ್ಕಿಂತ ಅಗ್ಗ. ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್ ಅಳವಡಿಸಿಕೊಂಡರೆ ಆಟೋಪೈಲಟ್ಟಿನ 72 ಎ.ಎಚ್. ಬಹುಪಾಲು ಉಳಿಯುತ್ತದೆ.

ಎರಡನೆಯ ಹಂತ: ಬಿಸಿಲು ಎಷ್ಟು ಕೊಡುತ್ತದೆ?

ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟರೆ ದಿನಕ್ಕೆ ಸುಮಾರು 5 ಗಂಟೆಯಷ್ಟು ಪೂರ್ಣ ಬಿಸಿಲಿಗೆ ಸಮನಾದ ಶಕ್ತಿ ದೊರೆಯುತ್ತದೆ. ಆ ಪ್ರಕಾರ 100 ವ್ಯಾಟ್ ಫಲಕ 500 ವ್ಯಾಟ್-ಅವರ್ ಕೊಡಬೇಕು. ಆದರೆ ಬಿಸಿಲಿಗೆ 60 ಡಿಗ್ರಿಯವರೆಗೂ ಕಾಯುವ ಫಲಕ ಆ ಕಾವಿನಿಂದಲೇ ನೂರಕ್ಕೆ ಹತ್ತಕ್ಕೂ ಹೆಚ್ಚು ಪಾಲು ಕಳೆದುಕೊಳ್ಳುವುದರಿಂದ, ದೋಣಿಯ ಓಲಾಟ, ನೆರಳು ಮತ್ತು ತಂತಿಯ ನಷ್ಟವನ್ನೂ ಸೇರಿಸಿ ಮೂರನೆಯ ಒಂದು ಪಾಲನ್ನು ಕಳೆದುಬಿಡುವುದು ಕ್ಷೇಮ. ಉಳಿದದ್ದನ್ನು ಬ್ಯಾಟರಿಯ 12-13 ವೋಲ್ಟಿನಿಂದ ಭಾಗಿಸಿದರೆ ಕೈಗೆ ಸಿಗುವುದು ದಿನಕ್ಕೆ 25ರಿಂದ 27 ಎ.ಎಚ್. ಅಂದರೆ ಲಂಗರು ದಿನಕ್ಕೆ 300 ವ್ಯಾಟ್ ಸಾಕು, ಸಾಗುವ ದಿನಕ್ಕೆ 750 ವ್ಯಾಟ್ ಬೇಕು. 200 ವ್ಯಾಟಿನ ಒಂದು ಫಲಕ ಸುಮಾರು ಒಂದು ಚದರ ಮೀಟರ್ ಜಾಗ ಹಿಡಿಯುವುದರಿಂದ 35 ಅಡಿಯ ದೋಣಿಯ ಹಿಂಬದಿಯ ಕಮಾನಿನ ಮೇಲೆ ಅಂಥ ಎರಡನ್ನು ಕೂರಿಸಬಹುದು; ಅದಕ್ಕಿಂತ ಹೆಚ್ಚು ಹೇರಿದರೆ ಗಾಳಿಗೆ ಅದೂ ಒಂದು ಹಾಯಿಯಂತೆ ವರ್ತಿಸತೊಡಗುತ್ತದೆ.

ಜಾಗಕ್ಕಿಂತ ದೊಡ್ಡ ತಲೆನೋವು ನೆರಳು. ಫಲಕದ ಕೋಶಗಳು ಸರಪಳಿಯಂತೆ ಒಂದರ ಹಿಂದೊಂದು ಜೋಡಣೆಗೊಂಡಿರುವುದರಿಂದ, ಹಾಯಿಯ ಬುಡದ ಅಡ್ಡಮರವಾದ ಬೂಮಿನದ್ದೋ ಕೂವೆಮರವನ್ನು ಹಿಡಿದಿಡುವ ಬಿಗಿಹಗ್ಗದ್ದೋ ನೆರಳು ಒಂದು ಮೂಲೆಯ ಮೇಲೆ ಬಿದ್ದರೂ ಇಡೀ ಸಾಲಿನ ಹರಿವು ಕುಸಿಯುತ್ತದೆ. ನೆರಳಾದ ಕೋಶಗಳನ್ನು ಬಿಟ್ಟು ಕರೆಂಟನ್ನು ಬೇರೆ ದಾರಿಗೆ ಹರಿಸುವ ಬೈಪಾಸ್ ಡಯೋಡುಗಳು ಈ ನಷ್ಟವನ್ನು ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ಆದ್ದರಿಂದ ಎರಡು ಫಲಕಗಳಿಗೆ ಫಲಕದಿಂದ ಆದಷ್ಟು ಹೆಚ್ಚು ಶಕ್ತಿ ಹಿಂಡಿ ಬ್ಯಾಟರಿಗೆ ಕೊಡುವ ಎಂಪಿಪಿಟಿ ಕಂಟ್ರೋಲರನ್ನು ಬೇರೆ ಬೇರೆಯಾಗಿ ಎರಡು ಹಾಕುವುದು ಒಳ್ಳೆಯದು. ಒಂದು ನೆರಳಿನಲ್ಲಿದ್ದಾಗ ಇನ್ನೊಂದು ತನ್ನ ಪಾಡಿಗೆ ದುಡಿಯುತ್ತಿರುತ್ತದೆ. ಫಲಕದ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಬೇಕು. ಡೆಕ್ಕಿಗೆ ಅಂಟಿಸುವ ತೆಳು ಫಲಕಗಳು ನೋಡಲು ಚೆಂದವಾದರೂ ಇದೇ ಕಾರಣಕ್ಕೆ ಬೇಗ ಬಳಲುತ್ತವೆ.

ಮೂರನೆಯ ಹಂತ: ಜನರೇಟರಿನ ಲೆಕ್ಕ

ಎಂಜಿನ್ ಇರುವ ದೋಣಿಯಲ್ಲಿ ಒಂದು ಜನರೇಟರ್ ಆಗಲೇ ಇದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಎಂಜಿನ್ನಿನ ಆಲ್ಟರ್ನೇಟರ್ 50ರಿಂದ 80 ಆಂಪಿಯರಿನದ್ದಾಗಿರುತ್ತದೆ; ಬಂದರಿನ ಒಳಹೊರಗೆ ಹೋಗುವಾಗ ಎಂಜಿನ್ ಹೇಗಿದ್ದರೂ ನಡೆಯುತ್ತದೆ. ಆದರೆ ಬ್ಯಾಟರಿಗಾಗಿಯೇ ಡೀಸೆಲ್ ಎಂಜಿನ್ನನ್ನು ಭಾರವಿಲ್ಲದೆ ಗಂಟೆಗಟ್ಟಲೆ ಓಡಿಸಿದರೆ ಸಿಲಿಂಡರಿನ ಒಳಮೈ ನುಣುಪಾಗಿ, ಎಂಜಿನ್ ಎಣ್ಣೆ ಕುಡಿಯತೊಡಗುತ್ತದೆ.

ಪ್ರತ್ಯೇಕ ಜನರೇಟರ್ ಬೇಕೆಂದರೆ ಇಪ್ಪತ್ತು ಚಿಲ್ಲರೆ ಕಿಲೊ ತೂಗುವ 2 ಕೆವಿಎ ಪೆಟ್ರೋಲ್ ಯಂತ್ರ ಸುಲಭವಾಗಿ ಸಿಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಕಾರವಾರದ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಗೆಳೆಯರೊಬ್ಬರ ದೋಣಿಯಲ್ಲಿ ಇಂಥದ್ದನ್ನು ಎರಡು ಗಂಟೆ ಓಡಿಸಿ, ಪಕ್ಕದ ದೋಣಿಯವರ ನಿದ್ದೆ ಕೆಡಿಸಿ, ಕೊನೆಗೆ ಮೀಟರ್ ನೋಡಿದರೆ ಬ್ಯಾಟರಿಗೆ ಸೇರಿದ್ದು 30 ಎ.ಎಚ್. ಕೂಡ ಇರಲಿಲ್ಲ. ಯಂತ್ರದಲ್ಲಿ ದೋಷವಿರಲಿಲ್ಲ, ನಡುವೆ ಕೂತಿದ್ದ ಹಳೆಯ ಚಾರ್ಜರ್ 15 ಆಂಪಿಯರಿನದ್ದು. ಸುಮಾರು 1,600 ವ್ಯಾಟ್ ಕೊಡಬಲ್ಲ ಯಂತ್ರದಿಂದ ಅದು 200 ಚಿಲ್ಲರೆ ವ್ಯಾಟ್ ಮಾತ್ರ ಹೀರುತ್ತಿತ್ತು. ಜನರೇಟರ್ ಕೊಳ್ಳುವವರು ಅದಕ್ಕೆ ತಕ್ಕ 60 ಆಂಪಿಯರಿನ ಚಾರ್ಜರಿನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಚಾರ್ಜರ್ ಎಷ್ಟೇ ದೊಡ್ಡದಿದ್ದರೂ ಲೆಡ್-ಆಸಿಡ್ ಬ್ಯಾಟರಿ ನೂರಕ್ಕೆ 80ರಷ್ಟು ತುಂಬಿದ ಮೇಲೆ ಕರೆಂಟನ್ನು ಕಡಿಮೆ ಕಡಿಮೆ ಒಳಗೆ ಬಿಡುತ್ತದೆ; ಕೊನೆಯ 20 ಪಾಲಿಗೆ ಹಲವು ಗಂಟೆಗಳೇ ಬೇಕು. ಅಷ್ಟು ಹೊತ್ತು ಪೆಟ್ರೋಲ್ ಸುಡುವುದು ದಂಡ, ಅರ್ಧಂಬರ್ಧ ತುಂಬಿಸಿ ಬಿಡುತ್ತ ಹೋದರೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಈ ನಿಧಾನದ ಕೆಲಸಕ್ಕೆ ಬಿಸಿಲು ಹೇಳಿ ಮಾಡಿಸಿದಂತಿದೆ.

ಅಪಾಯದ ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳಕ್ಕಿಳಿದು ನಿಲ್ಲುತ್ತದೆ, ಒಂದು ಕಿಡಿ ಸಾಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪೆಟ್ರೋಲ್ ಜನರೇಟರನ್ನು ಕ್ಯಾಬಿನ್ನಿನಲ್ಲಿ ಎಂದೂ ಓಡಿಸಕೂಡದು. ತೆರೆದ ಡೆಕ್ಕಿನಲ್ಲಿ ಹೊಗೆ ಗಾಳಿಯ ಜೊತೆಗೇ ಹೊರಹೋಗುವಂತೆ ಇಟ್ಟು, ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿರಬೇಕು. ಒಳಗೇ ಕೂರಿಸುವ ಡೀಸೆಲ್ ಜನರೇಟರ್ ಈ ವಿಷಯದಲ್ಲಿ ಮೇಲಾದರೂ ಅದರ ತೂಕ, ಬೆಲೆ ಮತ್ತು ಉಪ್ಪುನೀರಿನ ತಂಪು ವ್ಯವಸ್ಥೆಯ ಚಾಕರಿ ಸಣ್ಣ ದೋಣಿಗೆ ಹೊರೆ.

ನಾಲ್ಕನೆಯ ಹಂತ: ಆಯ್ಕೆ

ಮುಂಬೈಯಿಂದ ಗೋವಾಕ್ಕೆ ಸುಮಾರು 230 ನಾಟಿಕಲ್ ಮೈಲು, ಎರಡು ದಿನದ ಹಾದಿ. ಇಂಥ ಎರಡು ದಿನಗಳಿಗಾಗಿ 750 ವ್ಯಾಟ್ ಹೊರುವುದಕ್ಕಿಂತ 400 ವ್ಯಾಟ್ ಹಾಕಿ, ದಿನಕ್ಕೆ 100 ಎ.ಎಚ್.ನಷ್ಟು ಬೀಳುವ ಕೊರತೆಯನ್ನು ಬ್ಯಾಟರಿಯ ದಾಸ್ತಾನಿನಿಂದಲೂ ಒಂದೆರಡು ಗಂಟೆಯ ಎಂಜಿನ್ನಿನಿಂದಲೂ ತುಂಬಿಕೊಳ್ಳುವುದೇ ಸರಿ ಎಂಬುದು ನನ್ನ ನಿಲುವು. ಲಂಗರು ಹಾಕಿದ ಎರಡು ಮೋಡದ ದಿನಗಳನ್ನು ದಾಟಿಸಲು, ಅರ್ಧವಷ್ಟೇ ಬಳಸಬಹುದಾದ ಲೆಡ್-ಆಸಿಡ್ ಆದರೆ 320 ಎ.ಎಚ್., ನೂರಕ್ಕೆ 80 ಬಳಸಬಹುದಾದ ಲಿಥಿಯಂ ಐರನ್ ಫಾಸ್ಫೇಟ್ ಆದರೆ 200 ಎ.ಎಚ್. ಬೇಕು. ಲಿಥಿಯಂ ಹಾಕುವವರು ಆಲ್ಟರ್ನೇಟರ್ ಸುಟ್ಟುಹೋಗದಂತೆ ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಇಡಬೇಕು.

ಜನರೇಟರ್ ನಿಜಕ್ಕೂ ಬೇಕಾಗುವುದು ಹವಾನಿಯಂತ್ರಣ ಇದ್ದಾಗ. ಒಂದು ಕಿಲೊವ್ಯಾಟ್ ಎಳೆಯುವ ಎಸಿ ಎಂಟು ಗಂಟೆ ನಡೆದರೆ 600 ಎ.ಎಚ್. ಮೀರುತ್ತದೆ, ಒಂಟಿ ಒಡಲಿನ ದೋಣಿಯ ಮೇಲೆ ಅಷ್ಟು ಫಲಕಕ್ಕೆ ಜಾಗವೇ ಇಲ್ಲ. ಇನ್ನು ದೂರಸಾಗರದ ಯಾನಿಗಳಿಗೆ ನೀರಿನಲ್ಲಿ ಎಳೆದೊಯ್ಯುವಾಗ ತಿರುಗಿ ವಿದ್ಯುತ್ತು ಹುಟ್ಟಿಸುವ ಹೈಡ್ರೋಜನರೇಟರ್ ಎಂಬ ಮೂರನೆಯ ದಾರಿಯೂ ಇದೆ. ಕಾನ್ರಾಡ್ ಕೋಲ್ಮನ್ 2016-17ರ ವಾಂದೇ ಗ್ಲೋಬ್ ಪಂದ್ಯದಲ್ಲಿ ಬಿಸಿಲು ಮತ್ತು ಹೈಡ್ರೋಜನರೇಟರುಗಳನ್ನೇ ನಂಬಿ, ಹನಿ ಡೀಸೆಲ್ ಸುಡದೆ ಒಂಟಿಯಾಗಿ ಭೂಮಿಯನ್ನು ಸುತ್ತಿದರು.

ಕೊನೆಯದಾಗಿ ಜೋಡಣೆ. ತವರ ಲೇಪಿಸಿದ ತಾಮ್ರದ ತಂತಿಯನ್ನೇ ಬಳಸಿ, ಬ್ಯಾಟರಿಯಿಂದ ಗೇಣಳತೆಯೊಳಗೆ ಫ್ಯೂಸ್ ಹಾಕಬೇಕು. ಫಲಕದ ಮೇಲಿನ ಉಪ್ಪಿನ ಪದರ ಮತ್ತು ಕಡಲಹಕ್ಕಿಗಳ ಹಿಕ್ಕೆಯನ್ನು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆದರೆ ಸಾಕು. ಪಶ್ಚಿಮ ಕರಾವಳಿಯ ಮೀನುಗಾರಿಕೆಗೇ 61 ದಿನ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ದೋಣಿಯನ್ನು ಕಟ್ಟಿ ಹಾಕಿದಾಗ, ಡೀಸೆಲ್ ಜನರೇಟರಿಗೆ ಸಿಹಿನೀರು ಹಾಯಿಸಿ ಉಪ್ಪು ತೆಗೆದು ನಿಲ್ಲಿಸಬೇಕು. ಮಳೆಯ ನಡುವೆ ಬೀಳುವ ತುಣುಕು ಬೆಳಕಿನಲ್ಲೇ ಫಲಕ ಬ್ಯಾಟರಿಗೆ ಒಂದಷ್ಟು ಉಣಿಸುತ್ತ, ತಳದ ನೀರೆತ್ತುವ ಪಂಪನ್ನು ಸಿದ್ಧವಾಗಿಡುತ್ತದೆ.