ಆಫ್ಟರ್ ಎಫೆಕ್ಟ್ಸ್‌ಗೆ ದನಿ, ಚಿತ್ರ, ವಿಡಿಯೊ ತರುವುದು ಹೇಗೆ?

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದಕ್ಕೆ 30 ಸೆಕೆಂಡಿನ ಜಾಹೀರಾತು ಮಾಡಬೇಕಿದೆ ಎಂದುಕೊಳ್ಳಿ. ಮಾಲೀಕರ ದನಿ, ಫೋನಿನಲ್ಲಿ ತೆಗೆದ ವಿಡಿಯೊ, ಫೋಟೊಶಾಪ್‌ನಲ್ಲಿ ಬರೆದ ಲಾಂಛನ, ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮಾಡಿದ ತಿರುಗುವ ಮೆಣಸಿನ ರಾಶಿ ಎಲ್ಲವೂ ಕೈಗೆ ಬಂದಿವೆ. ಇವನ್ನು ಆಫ್ಟರ್ ಎಫೆಕ್ಟ್ಸ್‌ಗೆ, ಅಂದರೆ ಚಿತ್ರ, ಅಕ್ಷರಗಳಿಗೆ ಚಲನೆ ಕೊಡುವ ಅಡೋಬಿ ತಂತ್ರಾಂಶಕ್ಕೆ, ತರುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ: 'ಇಂಪೋರ್ಟ್' ಎಂದರೆ ಫೈಲು ಪ್ರಾಜೆಕ್ಟಿನೊಳಗೆ ಬಂದು ಕೂರುವುದಿಲ್ಲ, ಅದು ಡಿಸ್ಕಿನಲ್ಲಿ ಎಲ್ಲಿದೆ ಎಂಬ ವಿಳಾಸ ಮಾತ್ರ ದಾಖಲಾಗುತ್ತದೆ. ಇದು ತಿಳಿಯದೆ ನಾನು ಒಮ್ಮೆ ಹುಬ್ಬಳ್ಳಿಯಿಂದ ಗದಗಿಗೆ ಪೆನ್‌ಡ್ರೈವಿನಲ್ಲಿ ಪ್ರಾಜೆಕ್ಟ್ ಫೈಲನ್ನಷ್ಟೇ ಒಯ್ದಿದ್ದೆ. ಗ್ರಾಹಕರ ಮುಂದೆ ತೆರೆದಾಗ ವಿಡಿಯೊ ಇರಬೇಕಾದ ಕಡೆಯಲ್ಲೆಲ್ಲ ಬಣ್ಣದ ಪಟ್ಟಿಗಳು ಕಂಡವು.

ಆದ್ದರಿಂದ ಮೊದಲು ಕೆಲಸಕ್ಕೊಂದು ಫೋಲ್ಡರ್ ಮಾಡಿ, ಅದರೊಳಗೆ ದನಿ, ವಿಡಿಯೊ, ಚಿತ್ರಗಳಿಗೆ ಬೇರೆ ಬೇರೆ ಫೋಲ್ಡರ್‌ಗಳನ್ನಿಟ್ಟು, ಫೈಲುಗಳನ್ನು ಅಲ್ಲಿಗೆ ಸೇರಿಸಿದ ಮೇಲೆಯೇ ಇಂಪೋರ್ಟ್ ಮಾಡಿ.

ಹೆಚ್ಚು ತೊಂದರೆ ಕೊಡುವುದು ದನಿ. "ವಾಟ್ಸ್‌ಆ್ಯಪ್‌ನ್ಯಾಗ ಕಳಿಸೇನ್ರಿ, ನೋಡ್ರಿ" ಎಂದು ಮಾಲೀಕರು ಹೇಳಿದರೆ ಬಂದಿರುವುದು ಓಪಸ್ ಎಂಬ, ಗಾತ್ರ ಕುಗ್ಗಿಸಿದ ರೂಪದ ಧ್ವನಿ ಸಂದೇಶ. ಆಫ್ಟರ್ ಎಫೆಕ್ಟ್ಸ್ ಅದನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ. ವಿಎಲ್‌ಸಿಯಂತಹ ಉಚಿತ ತಂತ್ರಾಂಶದಲ್ಲಿ ಅದನ್ನು ವೇವ್ ಎಂಬ ಕುಗ್ಗಿಸದ ರೂಪಕ್ಕೆ, 48 ಕಿಲೋಹರ್ಟ್ಸ್‌ಗೆ (ಸೆಕೆಂಡಿಗೆ 48 ಸಾವಿರ ಮಾದರಿಗಳಿಗೆ) ಬದಲಿಸಿಕೊಳ್ಳಬಹುದು, ಆದರೆ ಕುಗ್ಗಿಸುವಾಗ ಕಳೆದುಹೋದ ಸ್ಪಷ್ಟತೆ ಇದರಿಂದ ಮರಳುವುದಿಲ್ಲ. ಫೋನಿನ ರೆಕಾರ್ಡರ್‌ನಲ್ಲಿ ಹೊಸದಾಗಿ ಮಾತನಾಡಿ, ಆ ಫೈಲನ್ನು 'ಡಾಕ್ಯುಮೆಂಟ್' ಆಗಿ ಕಳಿಸಿರೆಂದು ಕೇಳುವುದೇ ಮೇಲು. ಎಂಪಿ3 ಕೂಡ ನಡೆಯುತ್ತದೆಯಾದರೂ ನಾನು ವೇವ್ ಅನ್ನೇ ಬಳಸುತ್ತೇನೆ. 16 ಬಿಟ್‌ನ ಸ್ಟೀರಿಯೊ ವೇವ್ ನಿಮಿಷಕ್ಕೆ ಸುಮಾರು 11.5 ಎಂಬಿ ಆಗುವುದರಿಂದ ನಮ್ಮ ಜಾಹೀರಾತಿಗೆ 6 ಎಂಬಿಗಿಂತ ಹೆಚ್ಚು ಜಾಗ ಬೇಕಿಲ್ಲ.

ಈಗ ತಂದ ಫೈಲುಗಳ ಪಟ್ಟಿ ಕಾಣುವ ಪ್ರಾಜೆಕ್ಟ್ ಪ್ಯಾನೆಲ್‌ನ ಖಾಲಿ ಜಾಗದಲ್ಲಿ ಎರಡು ಬಾರಿ ಕ್ಲಿಕ್ ಮಾಡಿ, ಅಥವಾ ಕಂಟ್ರೋಲ್ ಕೀಲಿಯೊಂದಿಗೆ 'ಐ' ಒತ್ತಿ, ದನಿಯ ಫೈಲನ್ನು ಆರಿಸಿ. ಅದನ್ನು ಕೆಳಗಿನ ಟೈಮ್‌ಲೈನಿಗೆ ಎಳೆದು, ಅಲ್ಲಿ ಮೂಡಿದ ದನಿಯ ಲೇಯರ್ (ಪದರ) ಆಯ್ದು 'ಎಲ್' ಕೀಲಿಯನ್ನು ಬೇಗ ಬೇಗ ಎರಡು ಸಲ ಒತ್ತಿದರೆ ದನಿಯ ಅಲೆಗಳು ಕಾಣಿಸುತ್ತವೆ. ಕೀಲಿಮಣೆಯ ಬಲಬದಿಯ ಸಂಖ್ಯಾ ಕೀಲಿಗಳ ಗುಂಪಿನಲ್ಲಿರುವ ಚುಕ್ಕಿಯ ಕೀಲಿ ಒತ್ತಿದರೆ ದನಿಯೊಂದೇ ಕೇಳಿಸುತ್ತದೆ. ಕೇಳುತ್ತಲೇ, 'ಬ್ಯಾಡಗಿ' ಎಂಬ ಪದ ಬಂದ ಕ್ಷಣ ಅಲ್ಲಿನ ನಕ್ಷತ್ರದ ಕೀಲಿ ಒತ್ತಿ. ಆ ಜಾಗದಲ್ಲಿ ಗುರುತು ಬೀಳುತ್ತದೆ, ಅಕ್ಷರಗಳು ಎಲ್ಲಿ ಮೂಡಬೇಕೆಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಚಿತ್ರಗಳನ್ನೆಲ್ಲ ಜೋಡಿಸಿ ಕೊನೆಗೆ ದನಿ ಸೇರಿಸುವ ರೂಢಿ ಹಲವರಲ್ಲಿದೆ. ಹಾಗೆ ಮಾಡಿದರೆ ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ.

ಫೋನಿನ ವಿಡಿಯೊಗಳಲ್ಲಿ ಫ್ರೇಮ್‌ಗಳ ವೇಗ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಅನೇಕ ವೇಳೆ ಸ್ಥಿರವಾಗಿರದೆ, ಮಾತು ಮತ್ತು ತುಟಿ ಕ್ರಮೇಣ ಬೇರೆಯಾಗುತ್ತ ಹೋಗುತ್ತವೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶದಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆಯ್ದು, ವೇಗವನ್ನು 25ಕ್ಕೆ ಇಟ್ಟು ಪರಿವರ್ತಿಸಿದ ಪ್ರತಿಯನ್ನೇ ಇಂಪೋರ್ಟ್ ಮಾಡಿ. ಫೋಟೊಶಾಪ್ ಫೈಲನ್ನು ತರುವಾಗ 'ಕಾಂಪೊಸಿಷನ್ – ರಿಟೇನ್ ಲೇಯರ್ ಸೈಜಸ್' ಆರಿಸಿದರೆ ಲಾಂಛನದ ಪ್ರತಿ ಪದರವನ್ನೂ ಬೇರೆ ಬೇರೆಯಾಗಿ ಚಲಿಸಬಹುದು.

ಬ್ಲೆಂಡರ್‌ನಿಂದ ಬಂದ ಮೆಣಸಿನ ರಾಶಿ 250 ಪಿಎನ್‌ಜಿ ಚಿತ್ರಗಳ ಸರಣಿ. ಮೊದಲನೆಯ ಚಿತ್ರವನ್ನು ಆರಿಸಿ, ಕೆಳಗಿನ 'ಪಿಎನ್‌ಜಿ ಸೀಕ್ವೆನ್ಸ್' ಚೌಕಕ್ಕೆ ಗುರುತು ಹಾಕಿದರೆ ಎಲ್ಲವೂ ಒಂದೇ ತುಣುಕಾಗಿ ಬರುತ್ತವೆ. ಆದರೆ ನಾವು ಬದಲಿಸದಿದ್ದರೆ ಆಫ್ಟರ್ ಎಫೆಕ್ಟ್ಸ್ ಅವನ್ನು ಸೆಕೆಂಡಿಗೆ 30ರಂತೆ ಓಡಿಸುವುದರಿಂದ, 25ರ ಲೆಕ್ಕದಲ್ಲಿ 10 ಸೆಕೆಂಡ್ ತಿರುಗಬೇಕಿದ್ದ ರಾಶಿ 8 ಸೆಕೆಂಡ್ ದಾಟುತ್ತಿದ್ದಂತೆ ನಿಂತು, ಅಷ್ಟು ಎಚ್ಚರದಿಂದ ಹಾಕಿದ ದನಿಯ ಗುರುತುಗಳಿಗೆ ತಾಳೆಯಾಗುವುದಿಲ್ಲ. ಸರಣಿಯ ಮೇಲೆ ಬಲ ಕ್ಲಿಕ್ ಮಾಡಿ, 'ಇಂಟರ್‌ಪ್ರೆಟ್ ಫೂಟೇಜ್'ನ 'ಮೇನ್'ನಲ್ಲಿ 25 ಎಂದು ಬರೆಯಿರಿ.

ಫೈಲ್ ಜಾಗ ಬದಲಾಗಿ ಬಣ್ಣದ ಪಟ್ಟಿ ಕಂಡರೆ, ಅದರ ಮೇಲೆ ಬಲ ಕ್ಲಿಕ್ ಮಾಡಿ 'ರಿಪ್ಲೇಸ್ ಫೂಟೇಜ್'ನಿಂದ ಹೊಸ ಜಾಗ ತೋರಿಸಿದರಾಯಿತು, ಮಾಡಿದ ಚಲನೆ ಕೆಡುವುದಿಲ್ಲ. ಕೆಲಸವನ್ನು ಬೇರೆ ಕಂಪ್ಯೂಟರಿಗೆ ಒಯ್ಯುವುದಿದ್ದರೆ 'ಫೈಲ್' ಮೆನುವಿನ 'ಡಿಪೆಂಡೆನ್ಸೀಸ್' ಅಡಿಯಲ್ಲಿರುವ 'ಕಲೆಕ್ಟ್ ಫೈಲ್ಸ್' ಬಳಸಿ. ಪ್ರಾಜೆಕ್ಟೂ ಸಾಮಗ್ರಿಯೂ ಒಂದೇ ಫೋಲ್ಡರಿಗೆ ನಕಲಾಗುತ್ತವೆ. ಕನ್ನಡ ಫಾಂಟನ್ನು ಮಾತ್ರ ನೆನಪಿಟ್ಟು ನೀವೇ ಆ ಫೋಲ್ಡರಿಗೆ ಹಾಕಿಕೊಳ್ಳಬೇಕು.