ವಾರ್ಡಿನ ಅಭ್ಯರ್ಥಿಗೆ ಹೆಗಲು ಕೊಡುವುದು ಹೇಗೆ?

ಬೆಳಗಾವಿ ಮಹಾನಗರ ಪಾಲಿಕೆಯಲ್ಲಿ 58 ವಾರ್ಡುಗಳಿವೆ. 2021ರ ಸೆಪ್ಟೆಂಬರ್ 3ರಂದು ಮತದಾನ ನಡೆದಾಗ ಹತ್ತಿರ ಹತ್ತಿರ ಅರ್ಧದಷ್ಟು ಮತದಾರರು ಬೂತಿನ ಕಡೆ ಬರಲೇ ಇಲ್ಲ. ವಾರ್ಡಿಗೆ ಸರಾಸರಿ ಏಳೆಂಟು ಸಾವಿರ ಮತ. ಅದರಲ್ಲಿ ಅರ್ಧ ಮಾತ್ರ ಬಿದ್ದು, ಅದೂ ನಾಲ್ಕೈದು ಮಂದಿಗೆ ಹಂಚಿಹೋದರೆ, ಎರಡು ಗಲ್ಲಿಯ ಜನ ಮನಸ್ಸು ಮಾಡಿದರೂ ಫಲಿತಾಂಶ ಬದಲಾಗಬಹುದು. ಹಾಗಾಗಿ ಒಳ್ಳೆಯ ಅಭ್ಯರ್ಥಿ ಕಂಡಾಗ ಸುಮ್ನೆ ಮನೆಯಲ್ಲಿ ಕೂತು ಒಳ್ಳೆಯದಾಗಲಿ ಎಂದರೆ ಸಾಲದು. ಕೈಯಲ್ಲಿ ದುಡ್ಡು, ಪಕ್ಷದಲ್ಲಿ ಹುದ್ದೆ ಎರಡೂ ಇಲ್ಲದವರು ಮಾಡಬಹುದಾದ ಕೆಲಸವೇ ಇಲ್ಲಿ ಜಾಸ್ತಿ.

ಮೊದಲು ನೀವೇ ವಿಚಾರಿಸಿ

ಪಕ್ಕದ ಮನೆಯವರು, ದೂರದ ಸಂಬಂಧಿ ಎಂಬ ಕಾರಣಕ್ಕೆ ಯಾರ ಹಿಂದೆಯೂ ಹೋಗಬೇಡಿ. ಅಭ್ಯರ್ಥಿಯನ್ನು ಕೂರಿಸಿಕೊಂಡು ಕೇಳಿ: ಮಳೆಗಾಲದಲ್ಲಿ ನಮ್ಮ ಗಟಾರ ಯಾಕೆ ಉಕ್ಕುತ್ತದೆ? ನೀರು ಯಾವ ದಿನ ಬರುತ್ತದೆ? ಕಸದ ಗಾಡಿ ಬಾರದ ಗಲ್ಲಿ ಯಾವುದು? ನಗರಸೇವಕರಾಗಲು, ಅಂದರೆ ವಾರ್ಡಿನಿಂದ ಗೆದ್ದ ಪಾಲಿಕೆ ಸದಸ್ಯರಾಗಲು, ಬಂದವರಿಗೆ ಇದು ಬಾಯಿಪಾಠ ಆಗಿರಬೇಕು. ವಾರ್ಡಿನ ಕೆಲಸಗಳ ಬಗ್ಗೆ ಜನರೂ ಕೂತು ಮಾತಾಡುವ ವಾರ್ಡ್ ಸಮಿತಿಯ ಬಗ್ಗೆಯೂ ಕೇಳಿ. ಪಾಲಿಕೆ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ, ನಗರಸೇವಕರೇ ಅದರ ಅಧ್ಯಕ್ಷರು. ತಿಂಗಳಿಗೊಮ್ಮೆ ಜನರ ಮುಂದೆ ಕೂರುತ್ತೇನೆ ಎಂದು ಒಪ್ಪದವರ ಪರವಾಗಿ ನೀವು ಯಾವ ಮುಖ ಇಟ್ಟುಕೊಂಡು ಮನೆ ಬಾಗಿಲು ತಟ್ಟುತ್ತೀರಿ?

ನಾಮಪತ್ರದ ಜೊತೆ ಅಭ್ಯರ್ಥಿ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರ ಕೊಡಬೇಕು. ಅದನ್ನು ಓದಿ. ಜನ ಕೇಳಿದಾಗ ತಡವರಿಸುವಂತೆ ಆಗಬಾರದು.

ನಾಮಪತ್ರದ ಹೊತ್ತಿಗೆ

ಅಭ್ಯರ್ಥಿಗೆ 21 ವರ್ಷ ತುಂಬಿರಬೇಕು, ವಾರ್ಡಿನ ಮೀಸಲಾತಿಗೆ ಹೊಂದಬೇಕು. ನಾಮಪತ್ರದಲ್ಲಿ ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕುವ ಸೂಚಕರು ಅದೇ ವಾರ್ಡಿನ ಮತದಾರರಾಗಿರಬೇಕು. ನೀವು ಅಲ್ಲಿಯವರಾಗಿದ್ದರೆ ಸೂಚಕರಾಗಿ ಸಹಿ ಹಾಕುವುದೇ ನಿಮ್ಮ ಮೊದಲ ಬೆಂಬಲ. ಸರ್ಕಾರಿ ನೌಕರರು ಮಾತ್ರ ಪ್ರಚಾರದಿಂದ ದೂರ ಇರಬೇಕು.

ಬೆಳಗಾವಿಯಲ್ಲಿ ಮೊದಲೆಲ್ಲ ಕನ್ನಡ, ಮರಾಠಿ ಎಂಬ ಭಾಷೆಯ ಗುಂಪುಗಳ ಮೇಲೆ ಪಾಲಿಕೆ ಚುನಾವಣೆ ನಡೆಯುತ್ತಿತ್ತು. 2021ರಲ್ಲಿ ಪಕ್ಷಗಳು ತಮ್ಮ ಚಿಹ್ನೆಯ ಮೇಲೆ ಕಣಕ್ಕಿಳಿದವು. ಪಕ್ಷದವರಿಗೆ ಚಿಹ್ನೆಯ ಚಿಂತೆಯಿಲ್ಲ. ಪಕ್ಷೇತರರಿಗೆ ಚಿಹ್ನೆ ಸಿಗುವುದೇ ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ. ಉಳಿದ ಕೆಲವೇ ದಿನಗಳಲ್ಲಿ ಆ ಚಿಹ್ನೆ ಅಜ್ಜಿಯಂದಿರಿಗೂ ಗುರುತು ಸಿಗುವಂತೆ ಮಾಡಬೇಕು. ಕರಪತ್ರದಲ್ಲಿ ಅಭ್ಯರ್ಥಿಯ ಫೋಟೊಗಿಂತ ಚಿಹ್ನೆ ದೊಡ್ಡದಿರಲಿ.

ಪಟ್ಟಿ ಕೈಯಲ್ಲಿರಲಿ

ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮತದಾರರ ಪಟ್ಟಿ. ಪಾಲಿಕೆಯ ಪಟ್ಟಿ ವಿಧಾನಸಭೆಯ ಪಟ್ಟಿಯಿಂದಲೇ ತಯಾರಾಗುತ್ತದೆ. ಹಾಗಾಗಿ ಹೆಸರು ಸೇರಿಸುವ ಕೆಲಸ ಚುನಾವಣೆ ಘೋಷಣೆಗೆ ಬಹಳ ಮೊದಲೇ ಶುರುವಾಗಬೇಕು. 18 ತುಂಬಿದವರಿಗೆ ನಮೂನೆ 6, ಮನೆ ಬದಲಿಸಿದವರಿಗೆ ನಮೂನೆ 8. ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ, ಅವರನ್ನು ಮರೆಯಬೇಡಿ.

ಪಟ್ಟಿ ಸಿಕ್ಕ ಮೇಲೆ ಅದನ್ನು ಗಲ್ಲಿವಾರು ಹರಡಿ. ಇಬ್ಬರಿಗೆ ಒಂದು ಗಲ್ಲಿ ಸಾಕು. ಮನೆ ಮನೆಗೆ ಹೋಗಿ ಗುರುತು ಹಾಕಿ: ಇದ್ದಾರೆ, ತೀರಿಕೊಂಡಿದ್ದಾರೆ, ಪುಣೆಯಲ್ಲಿ ಕೆಲಸಕ್ಕಿದ್ದಾರೆ, ಒಂದೇ ಮನೆಯವರ ಹೆಸರು ಎರಡು ಬೂತಿಗೆ ಒಡೆದಿದೆ. ಗಡಿ ಬದಲಾದಾಗ ಎದುರುಬದುರು ಮನೆಗಳೇ ಬೇರೆ ಬೇರೆ ವಾರ್ಡಿಗೆ ಸೇರಿರಬಹುದು. ತನ್ನ ಬೂತ್ ಯಾವುದೆಂದು ಗೊತ್ತಿಲ್ಲದವರು ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಅಲೆದು ಬೇಸತ್ತು ಮನೆಗೆ ಹೋಗುತ್ತಾರೆ. ಅವರಿಗೆ ಮೊದಲೇ ಬೂತ್ ತೋರಿಸಿಕೊಟ್ಟರೆ ಒಂದು ಮತ ಉಳಿದಂತೆ.

ಮನೆ ಬಾಗಿಲಲ್ಲಿ

ಹೊತ್ತು ನೋಡಿ ಹೋಗಿ. ವಡಗಾವಿ, ಶಹಾಪುರದ ನೇಕಾರರ ಗಲ್ಲಿಗಳಲ್ಲಿ ಮಗ್ಗ ಓಡುವಾಗ ನಿಮ್ಮ ಮಾತು ಯಾರಿಗೂ ಕೇಳುವುದಿಲ್ಲ. ಸಂಜೆ ಹೋಗಿ. ನೌಕರಿಯವರು ಜಾಸ್ತಿ ಇರುವ ಬಡಾವಣೆಗೆ ಭಾನುವಾರ ಬೆಳಿಗ್ಗೆ ಒಳ್ಳೆಯದು. ಮನೆಯಲ್ಲಿ ಮರಾಠಿ ಮಾತಾಡಿದರೆ ಮರಾಠಿಯಲ್ಲಿ, ಉರ್ದು ಮಾತಾಡಿದರೆ ಉರ್ದುವಿನಲ್ಲಿ ಮಾತಾಡುವ ಒಬ್ಬರು ತಂಡದಲ್ಲಿರಲಿ. ಗಟಾರ ತುಂಬಿದರೆ ಎಲ್ಲ ಭಾಷೆಯವರ ಮನೆಗೂ ಒಂದೇ ನೀರು ನುಗ್ಗುತ್ತದೆ ಅಲ್ವಾ?

ಭಾಷಣ ಬೇಡ, ಕೇಳುವುದರಿಂದ ಶುರು ಮಾಡಿ. "ಅಕ್ಕಾರ, ನಾವು ಇದ ಗಲ್ಲಿಯವರು. ನಿಮ್ಮ ಕಡೆ ನೀರು, ಲೈಟಿಂದು ಏನ ತೊಂದ್ರಿ ಐತಿ, ಹೇಳ್ರಿ." ಹೇಳಿದ್ದನ್ನು ಅವರ ಎದುರೇ ಬರೆದುಕೊಳ್ಳಿ. ಆ ಪುಟ ಸಂಜೆಯೇ ಅಭ್ಯರ್ಥಿಗೆ ತಲುಪಲಿ, ಮರುದಿನ ಅವರೇ ಆ ಮನೆಗೆ ಬರಲಿ. ಆಗದ ಮಾತು ಕೊಡಬೇಡಿ. ರೇಷನ್ ಕಾರ್ಡು ಮಾಡಿಸಿಕೊಡುವುದು ನಗರಸೇವಕರ ಅಧಿಕಾರದಲ್ಲಿಲ್ಲ. ಅರ್ಜಿ ಹಾಕಲು ನೆರವಾಗುತ್ತೇವೆ ಎಂದಷ್ಟೇ ಹೇಳಿ. ಎದುರಾಳಿಯ ಜಾತಿ, ಮನೆತನದ ಮಾತು ನಿಮ್ಮ ಬಾಯಲ್ಲಿ ಬರಕೂಡದು. ಚುನಾವಣೆ ಮುಗಿದ ಮೇಲೂ ಅವರು ನಿಮ್ಮ ನೆರೆಯವರೇ.

ಹಣ, ಸೀರೆ, ಊಟ, ಬಾಟಲಿ ಯಾವುದನ್ನೂ ಮುಟ್ಟಬೇಡಿ, ಅದು ಅಪರಾಧ. ಗುಡಿ, ಮಸೀದಿ, ಚರ್ಚಿನಲ್ಲಿ ಮತ ಕೇಳುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಂದ್. ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರಿರಲಿ. ಮತದಾನ ಮುಗಿಯುವ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲುತ್ತದೆ.

ಮತದಾನದ ದಿನ

ಅಭ್ಯರ್ಥಿಯ ಪರವಾಗಿ ಬೂತಿನಲ್ಲಿ ಕೂರುವ ಪೋಲಿಂಗ್ ಏಜೆಂಟರು ಅಣಕು ಮತದಾನಕ್ಕೆ, ಅಂದರೆ ಯಂತ್ರ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗೆ, ಮೊದಲೇ ಅಲ್ಲಿರಬೇಕು. ಗಲ್ಲಿಯವರ ಮುಖ ಗುರುತಿರುವ, ತಾಳ್ಮೆಯ ಮನುಷ್ಯರನ್ನೇ ಕೂರಿಸಿ. ಜಗಳಗಂಟರು ಬೇಡವೇ ಬೇಡ. ಯಂತ್ರಕ್ಕೆ ಹಾಕಿದ ಸೀಲಿನ ಸಂಖ್ಯೆ, ಕೊನೆಗೆ ಬಿದ್ದ ಒಟ್ಟು ಮತ, ಎರಡನ್ನೂ ಅವರು ಬರೆದುಕೊಳ್ಳಬೇಕು. ಎಣಿಕೆಯ ದಿನ ಅದೇ ಆಧಾರ.

ಬೂತಿನಿಂದ 100 ಮೀಟರ್ ಒಳಗೆ ಯಾರೂ ಪ್ರಚಾರ ಮಾಡುವಂತಿಲ್ಲ. ನಿಮ್ಮ ಕೆಲಸ ಗಲ್ಲಿಯಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ಪಟ್ಟಿ ತೆಗೆದು ಯಾರು ಇನ್ನೂ ಹೋಗಿಲ್ಲ ನೋಡಿ, ಅವರಿಗೆ ನೆನಪಿಸಿ. ಗುರುತಿನ ಚೀಟಿ ಕೈಯಲ್ಲಿದೆಯೇ ಎಂದು ಕೇಳಿ. ಆದರೆ ಅಭ್ಯರ್ಥಿಯ ಕಡೆಯಿಂದ ಆಟೊ ಮಾಡಿ ಜನರನ್ನು ಸಾಗಿಸಬೇಡಿ, ಅದು ಕಾನೂನಿಗೆ ವಿರುದ್ಧ.

ಲೆಕ್ಕದ ಚೀಟಿಗಳು

ಟೀ, ಪೆಂಡಾಲು, ಮುದ್ರಣ, ಪೆಟ್ರೋಲು, ಎಲ್ಲದರ ರಸೀದಿಯನ್ನು ಮೊದಲ ದಿನದಿಂದಲೇ ಒಂದು ಫೈಲಿನಲ್ಲಿಡಿ. ಖರ್ಚಿಗೆ ಮಿತಿ ಇದೆ, ಅದನ್ನು ರಾಜ್ಯ ಚುನಾವಣಾ ಆಯೋಗ ನಿಗದಿ ಮಾಡುತ್ತದೆ. ಫಲಿತಾಂಶ ಬಂದ ಮೇಲೆ ಗೆದ್ದವರೂ ಸೋತವರೂ 30 ದಿನಗಳೊಳಗೆ ಲೆಕ್ಕ ಕೊಡಬೇಕು, ಕೊಡದಿದ್ದರೆ ಮುಂದಿನ ಸ್ಪರ್ಧೆಗೇ ಕುತ್ತು ಬರಬಹುದು. ಸೋತ ಅಭ್ಯರ್ಥಿಯ ಮನೆಯಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ. ಬಿಲ್ಲು ಜೋಡಿಸಿ ಕೊಡಲು ನೀವು ಹೋಗಿ.