ಮುಳುಗಡೆ ಊರಿನ ಪಟ್ಟಿ ಮಾಡುವ ಕೆಲಸ: ನನ್ನ ಅನುಭವ

ಮುಳುಗಡೆ ಊರಿಗೆ ಕಾಲಿಟ್ಟ ಕೂಡಲೇ ಬರುವ ಮೊದಲ ಪ್ರಶ್ನೆ "ಎಕರೆಗೆ ಎಷ್ಟು?" ಎಂಬುದು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ದರ ಗೊತ್ತುಮಾಡಿದೆ. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಖುಷ್ಕಿಗೆ (ಮಳೆಯಾಶ್ರಿತ ಜಮೀನಿಗೆ) 30 ಲಕ್ಷ. ಕಾಲುವೆಗೆ ಹೋಗುವ ಜಮೀನಾದರೆ 30 ಮತ್ತು 25. ದರ ಊರಿಗೆಲ್ಲ ಒಂದೇ. ಆದರೂ ಒಂದೇ ಓಣಿಯ ಎರಡು ಮನೆಗಳ ಕೈಗೆ ಬರುವ ಹಣದಲ್ಲಿ ಅಜಗಜಾಂತರ ಇರುತ್ತದೆ. ಆ ಅಂತರ ಹುಟ್ಟುವುದು ಅಳತೆಯ ದಿನ, ಪಟ್ಟಿ ಬರೆಯುವವನ ಹಾಳೆಯ ಮೇಲೆ. ಬಾಗಲಕೋಟೆ ಸೀಮೆಯಲ್ಲಿ ಆ ಕೆಲಸ ನಾವು ಮಾಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮುಳುಗಡೆಯ ಗೆರೆ. ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕು, ಅಂದರೆ 4.656 ಮೀಟರ್. ಕೇಳಲು ಮೂರು ಆಳಿನ ಎತ್ತರವೂ ಇಲ್ಲ ಅನಿಸೀತು. ಆದರೆ ಎರೆ ಹೊಲದಲ್ಲಿ 500 ಮೀಟರ್ ನಡೆದರೆ ಒಂದು ಮೀಟರ್ ಇಳಿಜಾರು ಸಿಗುವ ಜಾಗದಲ್ಲಿ ಇಷ್ಟೇ ಏರಿಕೆ 2.3 ಕಿಲೋಮೀಟರ್ ದೂರ ನೀರು ಹಾಯಿಸುತ್ತದೆ. ಮೂರನೇ ಹಂತದಲ್ಲಿ ಮುಳುಗುವ ಜಮೀನು 75,563 ಎಕರೆ ಎಂಬ ಲೆಕ್ಕ ಬಂದದ್ದು ಹೀಗೆ. ಸಮಮಟ್ಟದ ಗೆರೆಗೆ ನೆಟ್ಟ ಕಲ್ಲು ಹೊಲದ ನಡುವೆಯೇ ಬೀಳುತ್ತದೆ. ಎರಡು ಹಂಗಾಮು ಟ್ರ್ಯಾಕ್ಟರ್ ಹರಿದರೆ ಆ ಕಲ್ಲು ಇದ್ದಲ್ಲಿ ಇರುವುದಿಲ್ಲ. ಅದಕ್ಕೇ ಕಲ್ಲು ನೆಟ್ಟ ದಿನವೇ ಅಲುಗದ ಎರಡು ಗುರುತುಗಳಿಂದ, ಅಂದರೆ ಬಾಂದು ಕಲ್ಲು ಮತ್ತು ಬಾವಿಯ ದಂಡೆಯಿಂದ, ಟೇಪು ಹಿಡಿದು ದೂರ ಬರೆದುಕೊಳ್ಳುತ್ತೇವೆ. ಫೋಟೊ, ಜಿಪಿಎಸ್ ಎರಡೂ ಬೇಕು. ಆದರೆ ಐದು ವರ್ಷದ ಮೇಲೆ ತಕರಾರು ಬಂದಾಗ ಕೈ ಹಿಡಿಯುವುದು ಆ ಟೇಪಿನ ಅಳತೆ.

ಜಂಟಿ ಅಳತೆಗೆ ಹೊರಡುವ ಮುನ್ನ ಉತಾರ (ಪಹಣಿ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಮೂಲ ಅಳತೆಯ ನಕ್ಷೆ) ಮೂರನ್ನೂ ಒಟ್ಟಿಗೆ ಹರಡಿಕೊಂಡು ಕೂರಬೇಕು. ಪಹಣಿಯಲ್ಲಿ 4 ಎಕರೆ 20 ಗುಂಟೆ, ಆಕಾರಬಂದಿನಲ್ಲಿ 4 ಎಕರೆ 12 ಗುಂಟೆ ಎಂಬಂಥದ್ದು ಪ್ರತಿ ಊರಿನಲ್ಲೂ ಸಿಗುತ್ತದೆ. ತಿದ್ದುಪಡಿ ಆಗದೆ ಐತೀರ್ಪು (ಪರಿಹಾರ ಗೊತ್ತುಮಾಡುವ ಆದೇಶ) ಬಂದರೆ ಕಡಿಮೆ ಇರುವ ಅಂಕಿಗೇ ಹಣ. ಎಂಟು ಗುಂಟೆ ಹೋದರೆ 40 ಲಕ್ಷದ ದರದಲ್ಲಿ 8 ಲಕ್ಷ ಹೋದಂತೆ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಮೀನು, ಬಂದಾಗ 'ಎ' ಯಾವುದು, 'ಬಿ' ಯಾವುದು ಎಂದು ಬಿಡಿಸಿ ಬರೆಸಬೇಕು. 'ಎ' ಖರಾಬು ಹಿಡುವಳಿದಾರನದು. ದಾರಿ, ಹಳ್ಳದಂಥ 'ಬಿ' ಖರಾಬು ಸರ್ಕಾರದ್ದು. ಬರೀ "ಖರಾಬು" ಎಂದು ಗೀಚಿದ ಹಾಳೆ ಮೇಲಿನ ಟೇಬಲ್ಲಿಗೆ ಹೋದರೆ ಅಷ್ಟೂ ಸರ್ಕಾರದ ಪಾಲಾಗುತ್ತದೆ.

ಪಹಣಿಯ 9ನೇ ಕಾಲಮ್ಮಿನಲ್ಲಿ ತೀರಿಹೋದವರ ಹೆಸರಿದ್ದರೆ ಆ ಹಣ ನೇರ ಭೂಸ್ವಾಧೀನದ ತಕರಾರು ಕೇಳುವ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ. ಅಲ್ಲಿಂದ ಬಿಡಿಸಿಕೊಳ್ಳಲು ವಕೀಲರ ಫೀಸು, ವರ್ಷಗಟ್ಟಲೆ ಅಲೆದಾಟ. ಆದ್ದರಿಂದ ಪ್ರಾಥಮಿಕ ಅಧಿಸೂಚನೆಗೂ ಮುಂಚೆ ಪೋತಿ ವಾರಸಾ, ಅಂದರೆ ತೀರಿಹೋದವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸುವುದನ್ನು, ಮುಗಿಸಬೇಕು. ಮರಣ ಪತ್ರ, ನಾಡಕಚೇರಿಯ ವಂಶವೃಕ್ಷ, ಎಲ್ಲ ವಾರಸುದಾರರ ಸಹಿ ಬೇಕು. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಿಂದ ಕೈಬಿಡುವುದು ಇಲ್ಲಿನ ಹಳೆಯ ಚಾಳಿ. ಹಾಗೆ ಮಾಡಿದ ಮನೆಯಲ್ಲಿ ಚೆಕ್ಕು ಬರುವ ವಾರ ತಡೆಯಾಜ್ಞೆಯೂ ಬರುತ್ತದೆ. 11ನೇ ಕಾಲಮ್ಮಿನಲ್ಲಿ ತೀರಿಸಿದ ಬೆಳೆಸಾಲದ ಬೋಜಾ (ಸಾಲದ ನಮೂದು) ಹಾಗೇ ಕೂತಿದ್ದರೆ ಬ್ಯಾಂಕಿನ ಬೇಬಾಕಿ ಪತ್ರ ತಂದು ಕಡಿಮೆ ಮಾಡಿಸಬೇಕು.

ಖುಷ್ಕಿಯೋ ನೀರಾವರಿಯೋ ಎಂಬುದು ಎಕರೆಗೆ 10 ಲಕ್ಷದ ಮಾತು. ಹೊಳೆಯಿಂದ ಪೈಪು ಎಳೆದು ಇಪ್ಪತ್ತು ವರ್ಷದಿಂದ ಕಬ್ಬು ಬೆಳೆದ ಹೊಲವೂ ಪಹಣಿಯಲ್ಲಿ ಖುಷ್ಕಿ ಎಂದೇ ಇರುತ್ತದೆ. ಬಾಯಿಮಾತು ಇಲ್ಲಿ ನಡೆಯುವುದಿಲ್ಲ. ನಾವು ಒಂದು ಹೊಲಕ್ಕೆ ನಾಲ್ಕು ದಾಖಲೆ ಜೋಡಿಸುತ್ತೇವೆ: ಪಂಪ್‌ಸೆಟ್ಟಿನ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರು, ಮೂರು ವರ್ಷದ ಬೆಳೆ ಕಾಲಮ್ಮು, ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿದ ತೂಕದ ಚೀಟಿ, ಜಂಟಿ ಅಳತೆಯ ಪಂಚನಾಮೆಯಲ್ಲಿ ಪೈಪಿನ ಉದ್ದ ಮತ್ತು ಮೋಟಾರಿನ ಎಚ್‌ಪಿ. ಆರ್‌ಆರ್ ನಂಬರು ಒಬ್ಬ ಅಣ್ಣನ ಹೆಸರಿನಲ್ಲಿ, ನೀರು ಮೂವರ ಹೊಲಕ್ಕೆ ಎಂದಿದ್ದರೆ ಮೂವರ ಪಂಚನಾಮೆಯಲ್ಲೂ ಅದೇ ನಂಬರು ಬರೆಸಬೇಕು. ಇಲ್ಲದಿದ್ದರೆ ಒಬ್ಬನದು ಮಾತ್ರ ನೀರಾವರಿ, ಇಬ್ಬರದು ಖುಷ್ಕಿ.

ಇನ್ನು ಮನೆ. ಹೆಚ್ಚು ತಪ್ಪಾಗುವುದು ಇಲ್ಲೇ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗೆ ದರಪಟ್ಟಿಯಲ್ಲಿ ಸರಿಯಾದ ಸಾಲು ಸಿಗುವುದಿಲ್ಲ. ಸಿಮೆಂಟು ಕಾಣಲಿಲ್ಲ ಅಂದರೆ ಎಂಜಿನಿಯರು "ಕಚ್ಚಾ ಮನೆ" ಎಂದು ಬರೆದು ಚದರಡಿಗೆ ಒಂದು ದರ ಹಾಕಿ ಎದ್ದುಬಿಡುತ್ತಾನೆ. ಎರಡೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಸಾಗವಾನಿ ತೊಲೆ, ನೂರು ವರ್ಷ ಬಾಳಿದ ಮಾಳಿಗೆ ಎಲ್ಲ ಒಂದೇ ಪದದಲ್ಲಿ ಕೊಚ್ಚಿಹೋಗುತ್ತವೆ. ನಾವು ಐಟಂ ಐಟಂ ಬಿಡಿಸಿ ಅಳೆಯುತ್ತೇವೆ. 30 ಅಡಿ ಉದ್ದ, 10 ಅಡಿ ಎತ್ತರದ ಗೋಡೆಯನ್ನು ಎರಡೂವರೆ ಅಡಿ ದಪ್ಪ ಎಂದು ಹಿಡಿದರೆ 750 ಘನ ಅಡಿ. ಬಾಗಿಲ ಬಳಿ ಸವೆದ ಕಡೆ ಅಳೆದು ಒಂದೂವರೆ ಅಡಿ ಎಂದರೆ 450. ಒಂದೇ ಗೋಡೆಯಲ್ಲಿ 300 ಘನ ಅಡಿ, ಅಂದರೆ ಎಂಟೂವರೆ ಘನ ಮೀಟರ್ ಕಲ್ಲಿನ ಕಟ್ಟಡ ಮಾಯ. ದಪ್ಪವನ್ನು ಕಿಟಕಿಯಲ್ಲಿ ಕೈ ಹಾಕಿ, ಮೂರು ಕಡೆ ಅಳೆದು ಸರಾಸರಿ ಬರೆಯಬೇಕು.

ಕಟ್ಟಿಗೆಯೂ ಹಾಗೆಯೇ. 10 ಅಡಿ ಉದ್ದ, 8 ಇಂಚು–6 ಇಂಚಿನ ಒಂದು ತೊಲೆ ಅಂದರೆ 3.33 ಘನ ಅಡಿ. 8 ಅಡಿ ಉದ್ದ, 4 ಇಂಚು–3 ಇಂಚಿನ ಹನ್ನೆರಡು ಜಂತಿ ಅಂದರೆ 8 ಘನ ಅಡಿ. ಒಂದು ಅಂಕಣದಲ್ಲೇ ಹನ್ನೊಂದು ಘನ ಅಡಿ ದಾಟಿತು. ಜಾತಿ ಸಾಗವಾನಿಯೋ ಬೇವೋ ಎಂಬುದನ್ನು ಪ್ರತಿ ಸಾಲಿನಲ್ಲೂ ಬರೆಯಬೇಕು. ಮಾಳಿಗೆಯ ಮಣ್ಣು, ಹೊಗೆಗಂಡಿ, ಪಡಸಾಲೆಯ ಕಂಬ, ದನದ ಗ್ವಾದಲಿ (ಮೇವಿನ ತೊಟ್ಟಿ), ಕಲ್ಲಿನ ದೋಣಿ, ಕಟ್ಟೆ, ಹಿತ್ತಲ ಗೋಡೆ, ಶೌಚಾಲಯ, ನಳ, ಮೀಟರು, ಎಲ್ಲಕ್ಕೂ ಒಂದೊಂದು ಸಾಲು. ಕಾಳು ತುಂಬಿಡುವ ನೆಲದೊಳಗಿನ ಹಗೇವು ಮರೆಯಲೇಬಾರದು. ಮೇಲೆ ಚಪ್ಪಡಿ ಮುಚ್ಚಿ ಸಾರಿಸಿರುತ್ತಾರೆ, ಹೊರಗಿನಿಂದ ಬಂದವರ ಕಣ್ಣಿಗೆ ಅದು ಬರೀ ನೆಲ. ಬಾಯಿ ತೆಗೆಸಿ ಆಳ, ಸುತ್ತಳತೆ ಬರೆದುಕೊಳ್ಳುತ್ತೇವೆ. ಕೆಟ್ಟ ಗಾಳಿ ತುಂಬಿರುತ್ತದೆ. ಅಳೆಯುವ ನೆಪದಲ್ಲಿ ಒಳಗೆ ಇಳಿಯಬೇಡಿ, ಕೋಲಿಗೆ ಟೇಪು ಕಟ್ಟಿ ಇಳಿಬಿಡಿ. ಕಟ್ಟಡಕ್ಕೆ ಎಂಜಿನಿಯರು, ಹಣ್ಣಿನ ಗಿಡಕ್ಕೆ ತೋಟಗಾರಿಕೆಯವರು, ಕಟ್ಟಿಗೆ ಮರಕ್ಕೆ ಅರಣ್ಯದವರು ಎಂದು ಮೂರು ಇಲಾಖೆ ಬೇರೆ ಬೇರೆ ದಿನ ಬರುತ್ತವೆ. ಹಿತ್ತಲ ಬೇವಿನ ಮರ ಮೂರೂ ಪಟ್ಟಿಯಿಂದ ಜಾರಿಬೀಳುವುದು ಇದರಿಂದಲೇ. ಸಂಜೆ ಪಟ್ಟಿಯ ಕಾರ್ಬನ್ ಪ್ರತಿ ಮನೆಯವರ ಕೈಯಲ್ಲಿ ಉಳಿಯದೆ ನಾವು ಊರು ಬಿಡುವುದಿಲ್ಲ.

ಹಳೆಯ ಮನೆ ಎಂದು ಸವಕಳಿ ಕಳೆಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಸವಕಳಿ ಕಳೆದು ಕೊಟ್ಟ ಹಣದಲ್ಲಿ ಯಾರೂ ಹಳೆಯ ಮನೆ ಕಟ್ಟಲಾರರು, ಸಿಮೆಂಟು ಇಂದಿನ ದರಕ್ಕೇ ಸಿಗುತ್ತದೆ. ವಿಶ್ವಬ್ಯಾಂಕಿನ ನಿಯಮದಲ್ಲಿ ಸವಕಳಿ ಕಳೆಯುವಂತಿಲ್ಲ. ಇದೇ ಯೋಜನೆಯಲ್ಲಿ ಪುನರ್ವಸತಿ ಹಿಂದೆ ಬಿದ್ದಿದೆ ಎಂದು 1990ರ ದಶಕದಲ್ಲಿ ಬ್ಯಾಂಕು ಸಾಲದ ಹಣ ತಡೆಹಿಡಿದದ್ದನ್ನು ಇಲ್ಲಿನ ಹಿರಿಯರು ಇನ್ನೂ ಮರೆತಿಲ್ಲ.

ಮನೆ ಎಣಿಸಿದ ಮೇಲೆ ಕುಟುಂಬ ಎಣಿಸಬೇಕು. ಎರಡೂ ಒಂದೇ ಎಂದುಕೊಂಡು ಪಡಿತರ ಚೀಟಿ ನೋಡಿ ಬರೆಯುವುದು ದೊಡ್ಡ ತಪ್ಪು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ವಯಸ್ಕರಾದ ಗಂಡು, ಹೆಣ್ಣು ಇಬ್ಬರೂ, ಮದುವೆಯಾಗಿರಲಿ ಬಿಡಲಿ, ಪ್ರತ್ಯೇಕ ಕುಟುಂಬ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟವಳು ಸಹ ಪ್ರತ್ಯೇಕ ಕುಟುಂಬ. ಒಂದೇ ಒಲೆಯ ಮನೆಯಲ್ಲಿ ತಂದೆ ತಾಯಿ, ವಯಸ್ಸಿಗೆ ಬಂದ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ವಿಧವೆ ಅತ್ತೆ ಇದ್ದರೆ ಲೆಕ್ಕಕ್ಕೆ ಐದು ಕುಟುಂಬ. ಎರಡನೇ ಅನುಸೂಚಿ ಪ್ರಕಾರ ಒಂದು ಕುಟುಂಬಕ್ಕೆ ತಿಂಗಳಿಗೆ 3,000ದಂತೆ ಒಂದು ವರ್ಷದ ಜೀವನಾಧಾರ ಭತ್ಯೆ 36,000, ಸಾಗಾಟಕ್ಕೆ 50,000, ಪುನರ್ವಸತಿ ಭತ್ಯೆ 50,000, ನೌಕರಿಯ ಬದಲು ಒಂದೇ ಗಂಟು ಕೇಳಿದರೆ 5 ಲಕ್ಷ, ಕೂಡಿಸಿದರೆ 6,36,000. ಐದು ಬರೆಯಬೇಕಾದಲ್ಲಿ ಒಂದು ಬರೆದರೆ ಆ ಮನೆಗೆ 25 ಲಕ್ಷಕ್ಕೂ ಮೀರಿದ ನಷ್ಟ. ದನವಿದ್ದರೆ ಕೊಟ್ಟಿಗೆಗೆ, ಪೆಟ್ಟಿಗೆ ಅಂಗಡಿ ಇದ್ದರೆ ಅದಕ್ಕೆ, ಕನಿಷ್ಠ 25,000 ಬೇರೆ. ವಯಸ್ಸಿನ ದಾಖಲೆಗೆ ಶಾಲೆಯ ದಾಖಲಾತಿ ಉತಾರ ಹಿಡಿಯುತ್ತೇವೆ. ಆಧಾರಿನಲ್ಲಿ ಅರ್ಧ ಊರು ಜನವರಿ 1ರಂದೇ ಹುಟ್ಟಿರುತ್ತದೆ.

ಭೂಮಿ ಇಲ್ಲದವರು ಪಟ್ಟಿಯಿಂದ ಹೊರಗುಳಿಯುವುದು ಇನ್ನೊಂದು ಅನ್ಯಾಯ. ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಆ ಜಮೀನನ್ನೇ ನಂಬಿ ಬದುಕಿದ ಕೂಲಿಕಾರರು, ಲಾವಣಿ (ಗುತ್ತಿಗೆ) ಹಾಕಿಕೊಂಡವರು, ಪಾಲಿಗೆ ಮಾಡುವವರು, ಬಡಿಗ, ಕಮ್ಮಾರರಿಗೂ ಹಕ್ಕಿದೆ. ಆದರೆ ಲಾವಣಿಗೆ ಕಾಗದ ಇರುವುದಿಲ್ಲ, ಭೂಮಾಲೀಕ ಸಹಿ ಹಾಕಲು ಹೆದರುತ್ತಾನೆ. ಅವನ ಹಣದಲ್ಲಿ ಒಂದು ಪೈಸೆಯೂ ಕಡಿಮೆಯಾಗದು, ಇದು ಬೇರೆ ಬಾಬತ್ತು ಎಂದು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿ ಹೇಳಿದ ಮೇಲೆಯೇ ಸಹಿಗಳು ಬರುತ್ತವೆ.

ಲೆಕ್ಕದ ವಿಷಯ. ಸಂಪುಟ ಹೇಳಿದಂಥ ಗೊತ್ತಾದ ದರ ಇಲ್ಲದ ಕಡೆ ಅದೇ 2013ರ ಕಾಯ್ದೆಯ 26ನೇ ಕಲಂ ಪ್ರಕಾರ ಹಿಂದಿನ ಮೂರು ವರ್ಷದ ಖರೀದಿ ಪತ್ರಗಳನ್ನು ತೆಗೆದು, ಬೆಲೆಯಲ್ಲಿ ಮೇಲಿನ ಅರ್ಧವನ್ನು ಮಾತ್ರ ಹಿಡಿದು ಸರಾಸರಿ ಮಾಡಬೇಕು. ಇಪ್ಪತ್ತು ಪತ್ರವಿದ್ದರೆ ಹೆಚ್ಚು ಬೆಲೆಯ ಹತ್ತು. ಇಪ್ಪತ್ತನ್ನೂ ಕೂಡಿಸಿ ಭಾಗಿಸಿದ ಐತೀರ್ಪುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಆ ಸರಾಸರಿ 8 ಲಕ್ಷ ಬಂತು, ಗುಣಾಂಕ (ಆ ಬೆಲೆಯನ್ನು ಗುಣಿಸುವ ಅಂಕಿ) 2 ಎಂದಿಟ್ಟುಕೊಳ್ಳಿ: 16 ಲಕ್ಷ. ಮರ, ಬಾವಿಗೆ 1 ಲಕ್ಷ ಸೇರಿ 17. ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ (ಸಾಂತ್ವನ ಹಣ), 34 ಲಕ್ಷ. ವರ್ಷಕ್ಕೆ ಶೇ 12ರ ಹೆಚ್ಚುವರಿ ಮೊತ್ತವನ್ನು ಇದಾದ ಮೇಲೆ ಸೇರಿಸಬೇಕು, ಅದಕ್ಕೆ ಸೊಲೇಷಿಯಂ ಇಲ್ಲ. 8 ಲಕ್ಷದ ಮೇಲೆ 18 ತಿಂಗಳಿಗೆ 1.44 ಲಕ್ಷ. ಈ 12ನ್ನು ಗುಣಾಂಕಕ್ಕೆ ಮೊದಲಿನ ಬೆಲೆಗೆ ಹಾಕಬೇಕೋ ನಂತರದ್ದಕ್ಕೋ ಎಂಬ ವಾದ ಎದ್ದೇ ಏಳುತ್ತದೆ. ನಾವು ತಖ್ತೆಯಲ್ಲಿ ಎರಡನ್ನೂ ಬೇರೆ ಸಾಲಿನಲ್ಲಿ ತೋರಿಸುತ್ತೇವೆ.

ಒಪ್ಪಂದದ ಐತೀರ್ಪಿಗೆ ಸಹಿ ಹಾಕಿದವರು ಆಮೇಲೆ ದರ ಹೆಚ್ಚಿಸಿ ಎಂದು ಕೋರ್ಟಿಗೆ ಹೋಗಲಾರರು. ಇದನ್ನು ಸಹಿಗೆ ಮುಂಚೆ ಹೇಳಬೇಕು. ಒಪ್ಪಂದ ಬೇಡ ಎನ್ನುವವರು ಹಣ ಪಡೆಯುವಾಗ "ತಕರಾರಿಗೆ ಒಳಪಟ್ಟು" ಎಂದು ಬರೆದು ಸಹಿ ಹಾಕಿ, ಐತೀರ್ಪಿನ ದಿನ ಹಾಜರಿದ್ದರೆ ಆರು ವಾರದೊಳಗೆ 64ನೇ ಕಲಂ ಅರ್ಜಿ ಕೊಡಬೇಕು. ಅರ್ಜಿ ಕೊಡದೆ ಸುಮ್ಮನಿದ್ದವರಿಗೂ ಒಂದು ಕಿಂಡಿ ಇದೆ: ಅದೇ ಅಧಿಸೂಚನೆಯ ನೆರೆಯವನಿಗೆ ಹೆಚ್ಚಳ ಸಿಕ್ಕರೆ, ಆ ತೀರ್ಪಿನಿಂದ ಮೂರು ತಿಂಗಳೊಳಗೆ 73ನೇ ಕಲಂ ಅರ್ಜಿ.

ಹೊಸ ಊರಿನ ಜಾಗ ಆರಿಸುವಾಗ ನಕಾಶೆಗಿಂತ ಮೊದಲು ಸಲಿಕೆ ಬೇಕು. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆ ಮೊದಲ ಬೇಸಿಗೆಗೇ ಮೂಲೆಯಿಂದ ಬಿರಿಯುತ್ತದೆ. 425 ಮೈಕ್ರಾನ್ ಜರಡಿಯಲ್ಲಿ ಸೋಸಿದ 10 ಗ್ರಾಂ ಒಣಮಣ್ಣನ್ನು ಒಂದು ಕೊಳವೆಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ 12 ಮಿಲಿ, ನೀರಿನಲ್ಲಿ 21 ಮಿಲಿ ಬಂದರೆ ಉಬ್ಬು ಶೇ 75. ಶೇ 50 ದಾಟಿದ ಜಾಗವನ್ನು ನಾವು ಕೈಬಿಡಿ ಎನ್ನುತ್ತೇವೆ. ಬೇರೆ ಗತಿಯಿಲ್ಲದಿದ್ದರೆ ಗರಸು ಸಿಗುವವರೆಗೆ ಅಗೆದು, ಆರಾರು ಇಂಚಿನ ಪದರ ನೀರು ಹಾಕಿ ಧಮ್ಮಸ್ಸು ಮಾಡಿ ತುಂಬಬೇಕು. ಆ ಖರ್ಚು ಸಂತ್ರಸ್ತನ ತಲೆಗೆ ಬರಬಾರದು. ಕೊಳವೆ ಬಾವಿಯ ನೀರನ್ನು ಫ್ಲೋರೈಡಿಗೆ ಪರೀಕ್ಷಿಸದೆ ಜಾಗ ಪಾಸು ಮಾಡಬೇಡಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಬಾರದು.

40–60ರ ನಿವೇಶನ ಪಟ್ಟಣದವನಿಗೆ ದೊಡ್ಡದು. ಜೋಡೆತ್ತು, ಎರಡು ಎಮ್ಮೆ, ಬಣವಿ, ತಿಪ್ಪೆ ಇರುವವನಿಗೆ ಅದು ಇಕ್ಕಟ್ಟು. ನಿವೇಶನ ದೊಡ್ಡದು ಸಿಗದಿದ್ದರೆ ಊರ ಅಂಚಿನಲ್ಲಿ ಬಣವಿಗೂ ತಿಪ್ಪೆಗೂ ಸಾಮೂಹಿಕ ಜಾಗ ಈಗಲೇ ನಕಾಶೆಯಲ್ಲಿ ಬರೆಸಬೇಕು, ಆಮೇಲೆ ಅದು ಯಾವುದೋ ಕಟ್ಟಡವಾಗಿರುತ್ತದೆ. ಲಾಟರಿ ಎತ್ತುವುದಾದರೆ ಓಣಿ ಓಣಿಗೆ ಬೇರೆ ಚೀಟಿ ಎತ್ತಿ. ಊರಿಗೆಲ್ಲ ಒಂದೇ ಡಬ್ಬಿ ಇಟ್ಟರೆ ಅಣ್ಣ ಒಂದು ತುದಿ, ತಮ್ಮ ಒಂದು ತುದಿ. ಸ್ಮಶಾನದ ಜಾಗ ಗುರುತಾಗುವವರೆಗೆ ಹಿರಿಯರು ಕದಲುವುದಿಲ್ಲ, ಹೊಸ ಗುಡಿಯಲ್ಲಿ ದ್ಯಾಮವ್ವ ಕೂರುವವರೆಗೆ ಹೆಂಗಸರು ಕದಲುವುದಿಲ್ಲ. ಗುಡಿಗೆ ಖಾತೆದಾರನಿಲ್ಲದೆ ಅದರ ಪರಿಹಾರ ಠೇವಣಿಯಲ್ಲಿ ಕೊಳೆಯುವುದುಂಟು. ಟ್ರಸ್ಟ್ ನೋಂದಣಿ ಮುಂಚೆಯೇ ಆಗಲಿ.

ಸ್ಥಳಾಂತರ ಫೆಬ್ರವರಿಯಿಂದ ಮೇ ಒಳಗೆ ಮುಗಿಯಬೇಕು, ಮಳೆಗಾಲದಲ್ಲಿ ಹಿನ್ನೀರು ಯಾರಿಗೂ ಕಾಯುವುದಿಲ್ಲ. ತೊಲೆ, ಬಾಗಿಲು, ಚೌಕಟ್ಟು ಬಿಚ್ಚಿಕೊಂಡು ಹೋಗಲು ಲಿಖಿತ ಅನುಮತಿ ಪಡೆಯಿರಿ.

ಕೊನೆಯ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಸರ್ವೆ ನಂಬರಿನ ಅರ್ಧ ಮಾತ್ರ ಹೋಗಿದ್ದರೆ ಉಳಿದ ಅರ್ಧಕ್ಕೆ ಪೋಡಿ (ಬೇರೆ ಭಾಗವಾಗಿ ಅಳತೆ) ಮಾಡಿಸಿ ಹೊಸ ಹಿಸ್ಸಾ ನಂಬರು ಪಡೆಯಬೇಕು. ಮಾಡಿಸದಿದ್ದರೆ ಇಡೀ ನಂಬರಿನ ಮೇಲೆ ಭೂಸ್ವಾಧೀನದ ಷರಾ ಕೂತು, ಉಳಿದ ಎರಡು ಎಕರೆಗೆ ಬೆಳೆಸಾಲವೂ ಇಲ್ಲ, ಬೆಳೆವಿಮೆಯೂ ಇಲ್ಲ, ಮಾರಲೂ ಬರುವುದಿಲ್ಲ.